ಕಿರು ಉದ್ಯಮ ಆರಂಭಿಸುವ ರೈತರಿಗೆ ಲೆಕ್ಕ ಪುಸ್ತಕಗಳು: ಶೇಂಗಾ ಗಾಣದ ಘಟಕದ ಮಾದರಿ

ಬೆಳೆದ ಬೆಳೆಯನ್ನು ಕಚ್ಚಾ ರೂಪದಲ್ಲಿಯೇ ಮಾರುವ ಬದಲು ಸಂಸ್ಕರಿಸಿ ಮಾರಿದರೆ ರೈತ ಕುಟುಂಬದ ಆದಾಯ ಹೆಚ್ಚುತ್ತದೆ ಎಂಬುದು ಮೌಲ್ಯವರ್ಧನೆಯ ಮೂಲ ಆಶಯ. ಶೇಂಗಾ ಪ್ರಮುಖ ಬೆಳೆಯಾಗಿರುವ ಚಿತ್ರದುರ್ಗ, ತುಮಕೂರು, ಬಳ್ಳಾರಿ, ಗದಗ ಮುಂತಾದ ಜಿಲ್ಲೆಗಳಲ್ಲಿ ಮೋಟರ್ ಚಾಲಿತ ಮರದ ಗಾಣವನ್ನು ಸ್ಥಾಪಿಸಿ ಎಣ್ಣೆ ಮಾರುವುದು ಈ ಆಶಯಕ್ಕೆ ಹೊಂದುವ ಒಂದು ಉದ್ಯಮ. ಆದರೆ ಆದಾಯ ನಿಜವಾಗಿಯೂ ಹೆಚ್ಚಿತೇ ಎಂಬುದನ್ನು ಗಲ್ಲೆಯಲ್ಲಿರುವ ಹಣ ನೋಡಿ ಹೇಳಲು ಬರುವುದಿಲ್ಲ. ಹೊಲದಿಂದ ಬಂದ ಶೇಂಗಾಕ್ಕೆ ಬೆಲೆ ಕಟ್ಟದೆ, ಮನೆಯವರ ದುಡಿಮೆಗೆ ಕೂಲಿ ಹಿಡಿಯದೆ, ಯಂತ್ರದ ಸವಕಳಿಯನ್ನು ಗಣಿಸದೆ ನಡೆಸುವ ಘಟಕವು ಲಾಭದಲ್ಲಿರುವಂತೆ ಕಾಣುತ್ತಲೇ ಹೊಲದ ಆದಾಯವನ್ನು ಕರಗಿಸುತ್ತಿರಬಹುದು. ಸಾಲದ ಕಂತಿಗೆ ಬೆಳೆಯ ಹಣವನ್ನು ಹಾಕಬೇಕಾಗಿ ಬಂದಾಗ ಮಾತ್ರ ಈ ಸಂಗತಿ ಕುಟುಂಬದ ಅರಿವಿಗೆ ಬರುತ್ತದೆ. ಆ ಹೊತ್ತಿಗೆ ಒಂದೆರಡು ವರ್ಷಗಳೇ ಕಳೆದಿರುತ್ತವೆ.

ಇದನ್ನು ಮೊದಲ ತಿಂಗಳಲ್ಲಿಯೇ ಕಂಡುಕೊಳ್ಳುವ ಸಾಧನವೇ ಲೆಕ್ಕ ಪುಸ್ತಕ. ಇಲ್ಲಿ ವಿವರಿಸಿರುವ ಕ್ರಮವು ಶೇಂಗಾ ಗಾಣಕ್ಕೆ ಸಂಬಂಧಿಸಿದ್ದಾದರೂ ರಾಗಿ ಹುರಿಹಿಟ್ಟು, ಸಿರಿಧಾನ್ಯ ಸಂಸ್ಕರಣೆ, ಜೋಳದ ರೊಟ್ಟಿ, ಉಪ್ಪಿನಕಾಯಿ ಮುಂತಾದ ಘಟಕಗಳಿಗೂ ಅಲ್ಪ ಬದಲಾವಣೆಯೊಂದಿಗೆ ಅನ್ವಯಿಸುತ್ತದೆ. ಉದಾಹರಣೆಗಳಲ್ಲಿ ಬಳಸಿರುವ ದರಗಳು ಲೆಕ್ಕದ ರೀತಿಯನ್ನು ತೋರಿಸಲು ಆಯ್ದುಕೊಂಡವು. ಓದುಗರು ತಮ್ಮ ಊರಿನ ದರಗಳನ್ನು ಅವುಗಳ ಜಾಗದಲ್ಲಿ ಇಟ್ಟು ಲೆಕ್ಕ ಹಾಕಬೇಕು.

ಮನೆ, ಹೊಲ ಮತ್ತು ಘಟಕ: ಮೂರು ಪ್ರತ್ಯೇಕ ಲೆಕ್ಕಗಳು

ರೈತ ಕುಟುಂಬದಲ್ಲಿ ಹಣ ಒಂದೇ ಪೆಟ್ಟಿಗೆಯಲ್ಲಿರುತ್ತದೆ. ಎಣ್ಣೆ ಮಾರಿದ ಹಣದಲ್ಲಿ ಮಕ್ಕಳ ಶಾಲಾ ಶುಲ್ಕ ಕಟ್ಟುವುದು, ಹಾಲಿನ ಹಣದಲ್ಲಿ ಬಾಟಲಿ ತರುವುದು, ಗಾಣದ ವಿದ್ಯುತ್ ಬಿಲ್ಲನ್ನು ಮನೆಯ ಬಿಲ್ಲಿನೊಂದಿಗೆ ಕಟ್ಟುವುದು ಸಹಜವಾಗಿ ನಡೆಯುತ್ತದೆ. ಹೀಗೆ ಬೆರೆತ ಹಣದಿಂದ ಯಾವ ಕೆಲಸ ಗಳಿಸಿತು, ಯಾವುದು ಕಳೆಯಿತು ಎಂದು ಬೇರ್ಪಡಿಸುವುದು ಅಸಾಧ್ಯ. ಆದ್ದರಿಂದ ಘಟಕವನ್ನು ಕುಟುಂಬಕ್ಕಿಂತ ಬೇರೆಯಾದ ಒಬ್ಬ ವ್ಯಕ್ತಿಯೆಂದೇ ಭಾವಿಸಬೇಕು. ಮನೆಯಿಂದ ಘಟಕಕ್ಕೆ ಹಣ ಅಥವಾ ಕಾಳು ಹೋದರೆ ಘಟಕವು ಅದನ್ನು ಪಡೆದುಕೊಂಡಿದೆ ಎಂದು ಬರೆಯಬೇಕು. ಘಟಕದಿಂದ ಮನೆಗೆ ಹಣ ಅಥವಾ ಎಣ್ಣೆ ಬಂದರೆ ಘಟಕವು ಕೊಟ್ಟಿದೆ ಎಂದು ಬರೆಯಬೇಕು.

ಇದಕ್ಕೆ ಬೇಕಾದ ಸಿದ್ಧತೆ ಹೆಚ್ಚಿನದೇನಲ್ಲ. ಘಟಕದ ಹೆಸರಿನಲ್ಲಿ ಅಥವಾ ಘಟಕಕ್ಕಾಗಿಯೇ ಮೀಸಲಾದ ಒಂದು ಬ್ಯಾಂಕ್ ಖಾತೆ, ಆ ಖಾತೆಗೆ ಜೋಡಿಸಿದ ಯುಪಿಐ ಕ್ಯೂಆರ್ ಫಲಕ, ಮನೆಯ ಹಣದಿಂದ ಬೇರೆಯಾದ ಒಂದು ನಗದು ಪೆಟ್ಟಿಗೆ ಹಾಗೂ ಸಾಧ್ಯವಿದ್ದಲ್ಲಿ ಪ್ರತ್ಯೇಕ ವಿದ್ಯುತ್ ಮೀಟರ್ ಇದ್ದರೆ ಸಾಕು. ಮನೆ ಖರ್ಚಿಗೆ ಹಣ ಬೇಕಾದಾಗ ತೆಗೆದುಕೊಳ್ಳಬಾರದೆಂದಲ್ಲ. ತೆಗೆದುಕೊಂಡದ್ದನ್ನು ‘ಮನೆ ಖರ್ಚಿಗೆ ಪಡೆದದ್ದು’ ಎಂಬ ಬಾಬತ್ತಿನಲ್ಲಿ ಬರೆಯಬೇಕು, ಅಷ್ಟೆ.

ಆರಂಭದ ದಿನದ ಆಸ್ತಿ ಮತ್ತು ಹೊಣೆ ಪಟ್ಟಿ

ಗಾಣ ಮೊದಲ ಬಾರಿಗೆ ತಿರುಗುವ ದಿನ ಘಟಕದ ಬಳಿ ಏನೇನಿದೆ ಮತ್ತು ಅದೆಲ್ಲ ಯಾರ ಹಣದಿಂದ ಬಂತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ಇಡಬೇಕು. ಮುಂದಿನ ಎಲ್ಲ ಲೆಕ್ಕಗಳಿಗೂ ಇದೇ ಬುನಾದಿ. ಮಾದರಿ ಹೀಗಿದೆ:

ಘಟಕದ ಬಳಿ ಇರುವುದು
• ಗಾಣ, ಮೋಟರ್, ಸೋಸುವ ಯಂತ್ರ, ವಿದ್ಯುತ್ ಸಂಪರ್ಕ: 3,60,000 ರೂ.
• ಸ್ವಂತ ಹೊಲದ ಶೇಂಗಾ ಕಾಳು 500 ಕಿ.ಗ್ರಾಂ. (110 ರೂ. ದರ): 55,000 ರೂ.
• ಬಾಟಲಿ, ಮುಚ್ಚಳ, ಲೇಬಲ್: 25,000 ರೂ.
• ಬ್ಯಾಂಕ್ ಮತ್ತು ಕೈಯಲ್ಲಿರುವ ನಗದು: 80,000 ರೂ.
ಒಟ್ಟು: 5,20,000 ರೂ.

ಇದು ಬಂದ ಮೂಲ
• ಬ್ಯಾಂಕ್ ಸಾಲ: 4,00,000 ರೂ.
• ಕುಟುಂಬ ಹಾಕಿದ ನಗದು: 65,000 ರೂ.
• ಕುಟುಂಬ ಕೊಟ್ಟ ಶೇಂಗಾ: 55,000 ರೂ.
ಒಟ್ಟು: 5,20,000 ರೂ.

ಎರಡೂ ಮೊತ್ತಗಳು ಸಮವಾಗಿರಲೇಬೇಕು. ಸಮವಾಗದಿದ್ದರೆ ಯಾವುದೋ ಒಂದು ಮೂಲ ಬಿಟ್ಟುಹೋಗಿದೆ ಎಂದರ್ಥ. ಸಾಮಾನ್ಯವಾಗಿ ಬಿಟ್ಟುಹೋಗುವವು ಒಡವೆ ಅಡವಿಟ್ಟು ತಂದ ಹಣ, ಸಂಬಂಧಿಕರಿಂದ ಪಡೆದ ಕೈಗಡ ಮತ್ತು ಹೊಲದಿಂದ ಬಂದ ಕಾಳು. ಕುಟುಂಬದ ಯಾರ ಒಡವೆ, ಯಾರ ಉಳಿತಾಯ ಎಂಬುದನ್ನೂ ಹೆಸರು ಸಹಿತ ಬರೆದಿಡುವುದು ಒಳ್ಳೆಯದು. ಮುಂದೆ ಅಣ್ಣತಮ್ಮಂದಿರು ಪಾಲಾಗುವ ಸಂದರ್ಭ ಬಂದರೆ ಘಟಕದಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆಗೆ ಈ ಹಾಳೆಯೇ ಉತ್ತರ ಕೊಡುತ್ತದೆ.

ಇಡಬೇಕಾದ ನಾಲ್ಕು ಪುಸ್ತಕಗಳು

1. ನಗದು ಕಿರ್ದಿ: ಪ್ರತಿದಿನ ಬಂದ ಮತ್ತು ಹೋದ ಹಣವನ್ನು ದಿನಾಂಕದ ಕ್ರಮದಲ್ಲಿ ಬರೆಯುವ ಪುಸ್ತಕ. ಎಡಪುಟದಲ್ಲಿ ಜಮಾ, ಬಲಪುಟದಲ್ಲಿ ಖರ್ಚು. ನಗದಿಗೆ ಒಂದು ಕಾಲಂ, ಬ್ಯಾಂಕ್ ಮತ್ತು ಯುಪಿಐಗೆ ಇನ್ನೊಂದು ಕಾಲಂ ಇರಬೇಕು.

2. ಉದ್ರಿ ವಹಿ: ಸಾಲವಾಗಿ ಕೊಟ್ಟ ಎಣ್ಣೆ ಮತ್ತು ಹಿಂಡಿ ಹಾಗೂ ಸಾಲವಾಗಿ ತಂದ ಕಾಳು ಮತ್ತು ಬಾಟಲಿಗಳ ಲೆಕ್ಕ. ಪ್ರತಿ ಗಿರಾಕಿಗೂ, ಪ್ರತಿ ಸರಬರಾಜುದಾರರಿಗೂ ಒಂದೊಂದು ಪುಟ ಮೀಸಲಿಡಬೇಕು.

3. ದಾಸ್ತಾನು ವಹಿ: ಹಣದ ಲೆಕ್ಕವಲ್ಲ, ತೂಕದ ಲೆಕ್ಕ. ಕಾಳು, ಎಣ್ಣೆ, ಹಿಂಡಿ ಮತ್ತು ಬಾಟಲಿಗಳಿಗೆ ಪ್ರತ್ಯೇಕ ಪುಟಗಳು. ಬಂದದ್ದು, ಹೋದದ್ದು, ಉಳಿದದ್ದು ಎಂಬ ಮೂರು ಕಾಲಂಗಳು. ಪ್ರತಿ ಸಲ ಗಾಣಕ್ಕೆ ಹಾಕಿದ ಕಾಳಿನ ತೂಕ, ಬಂದ ಎಣ್ಣೆ ಮತ್ತು ಹಿಂಡಿಯ ತೂಕ, ಬಾಟಲಿಯ ಮೇಲೆ ನಮೂದಿಸಿದ ಬ್ಯಾಚ್ ಸಂಖ್ಯೆ ಇದರಲ್ಲಿರಬೇಕು.

4. ಆಸ್ತಿ ಮತ್ತು ಸಾಲದ ವಹಿ: ಯಂತ್ರ ಖರೀದಿಸಿದ ದಿನಾಂಕ, ಬೆಲೆ, ಖಾತರಿ ಅವಧಿ, ದುರಸ್ತಿ ವಿವರಗಳು ಹಾಗೂ ಪ್ರತಿ ಸಾಲದ ಅಸಲು, ಬಡ್ಡಿ, ಕಟ್ಟಿದ ಕಂತು ಮತ್ತು ಬಾಕಿ.

ಇವುಗಳೊಂದಿಗೆ ಬಿಲ್ಲು, ರಸೀದಿಗಳ ಒಂದು ಫೈಲು ಇರಬೇಕು. ಪ್ರತಿ ಬಿಲ್ಲಿಗೂ ಕ್ರಮಸಂಖ್ಯೆ ಹಾಕಿ ಅದೇ ಸಂಖ್ಯೆಯನ್ನು ಕಿರ್ದಿಯಲ್ಲಿ ನಮೂದಿಸಬೇಕು. ಬಿಲ್ಲು ದೊರೆಯದ ಖರ್ಚುಗಳಿಗೆ, ಅಂದರೆ ಹಮಾಲಿ, ಆಟೋ ಬಾಡಿಗೆ, ನೆರೆಯ ರೈತರಿಂದ ಕೊಂಡ ಕಾಳು ಮುಂತಾದವಕ್ಕೆ, ದಿನಾಂಕ, ತೂಕ, ದರ, ಮೊತ್ತ ಬರೆದು ಹಣ ಪಡೆದವರ ಸಹಿ ಹಾಕಿಸಿದ ಚೀಟಿಯನ್ನು ವೋಚರ್ ಆಗಿ ಇಡಬೇಕು.

ಪುಸ್ತಕಗಳು ಕಾಗದದವೇ ಆಗಿರಬೇಕೆಂಬ ನಿಯಮವಿಲ್ಲ. ಮೊಬೈಲ್ ಆ್ಯಪ್ ಅಥವಾ ಕಂಪ್ಯೂಟರಿನಲ್ಲಿ ಬರೆಯಲು ಒಗ್ಗಿದವರು ಹಾಗೆಯೇ ಬರೆಯಬಹುದು. ಆದರೆ ತಿಂಗಳಿಗೊಮ್ಮೆ ಅದರ ಮುದ್ರಿತ ಪ್ರತಿ ತೆಗೆದಿಡುವುದು ಸುರಕ್ಷಿತ. ಮಸಿ ಪೆನ್ನಿನಲ್ಲಿ ಬರೆದು, ತಪ್ಪಾದಾಗ ಅಳಿಸದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ ಅಂಕಿ ಬರೆಯುವುದು ಕಾಗದದ ಪುಸ್ತಕದ ಕ್ರಮ.

ಒಂದು ದಿನದ ಲೆಕ್ಕದ ಮಾದರಿ

ಎಣ್ಣೆಯ ದರ ಕಿ.ಗ್ರಾಂ.ಗೆ 320 ರೂ., ಹಿಂಡಿಯ ದರ 40 ರೂ. ಇರುವ ಒಂದು ದಿನದ ನಗದು ಕಾಲಂ ಹೀಗಿರುತ್ತದೆ:

ಜಮಾ
• ಹಿಂದಿನ ದಿನದ ಶಿಲ್ಕು: 4,250 ರೂ.
• ಎಣ್ಣೆ 6 ಕಿ.ಗ್ರಾಂ. ನಗದು ಮಾರಾಟ: 1,920 ರೂ.
• ಹಿಂಡಿ 20 ಕಿ.ಗ್ರಾಂ. ಮಾರಾಟ: 800 ರೂ.
• ಹಳೆಯ ಉದ್ರಿ ವಸೂಲಿ: 640 ರೂ.
ಒಟ್ಟು: 7,610 ರೂ.

ಖರ್ಚು
• ಆಳಿನ ಕೂಲಿ: 500 ರೂ.
• ಬಾಟಲಿ ಖರೀದಿ: 1,200 ರೂ.
• ಆಟೋ ಬಾಡಿಗೆ: 300 ರೂ.
• ಮನೆ ಖರ್ಚಿಗೆ ಪಡೆದದ್ದು: 1,000 ರೂ.
ಒಟ್ಟು: 3,000 ರೂ.
ದಿನದ ಕೊನೆಯ ಶಿಲ್ಕು: 4,610 ರೂ.

ಸಂಜೆ ಪೆಟ್ಟಿಗೆಯಲ್ಲಿರುವ ಹಣವನ್ನು ಎಣಿಸಿ 4,610 ರೂ. ಇದೆಯೇ ಎಂದು ನೋಡಬೇಕು. ವ್ಯತ್ಯಾಸವಿದ್ದರೆ ಅಂದೇ ಹುಡುಕಬೇಕು. ಮರುದಿನಕ್ಕೆ ನೆನಪು ಉಳಿಯುವುದಿಲ್ಲ. ಅದೇ ದಿನ ಯುಪಿಐ ಮೂಲಕ ಮಾರಿದ 3 ಕಿ.ಗ್ರಾಂ. ಎಣ್ಣೆಯ 960 ರೂ. ಬ್ಯಾಂಕ್ ಕಾಲಂಗೆ ಸೇರುತ್ತದೆ. ಅಂಗಡಿಯೊಂದಕ್ಕೆ ಸಾಲವಾಗಿ ಕೊಟ್ಟ 4 ಕಿ.ಗ್ರಾಂ. ಎಣ್ಣೆಯ 1,280 ರೂ. ಹಣ ಬಾರದ ಕಾರಣ ಕಿರ್ದಿಯಲ್ಲಿ ಕಾಣಿಸುವುದಿಲ್ಲ; ಅದು ಉದ್ರಿ ವಹಿಯಲ್ಲಿ ಆ ಅಂಗಡಿಯ ಪುಟಕ್ಕೆ ಹೋಗುತ್ತದೆ.

ಇನ್ನು ದಾಸ್ತಾನು. ಬೆಳಗ್ಗೆ 38 ಕಿ.ಗ್ರಾಂ. ಎಣ್ಣೆ ಇತ್ತು. ಅಂದು 50 ಕಿ.ಗ್ರಾಂ. ಕಾಳು ಗಾಣಕ್ಕೆ ಹಾಕಿ 20 ಕಿ.ಗ್ರಾಂ. ಎಣ್ಣೆ ಬಂದಿತು. ಮಾರಿದ್ದು 13 ಕಿ.ಗ್ರಾಂ., ಮನೆಯ ಅಡುಗೆಗೆ ಕೊಂಡೊಯ್ದದ್ದು 1 ಕಿ.ಗ್ರಾಂ. ಉಳಿಯಬೇಕಾದದ್ದು 44 ಕಿ.ಗ್ರಾಂ. ತೂಗಿದಾಗ 43.6 ಕಿ.ಗ್ರಾಂ. ಬಂದರೆ 400 ಗ್ರಾಂ ಗಸಿ ಅಥವಾ ಸೋರಿಕೆ ಎಂದು ಬರೆಯಬೇಕು. ಈ ಕೊರತೆ ದಿನೇ ದಿನೇ ಹೆಚ್ಚುತ್ತಿದ್ದರೆ ಕಾರಣ ಹುಡುಕಬೇಕು.

ಎಣ್ಣೆಯ ಲೆಕ್ಕದಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಗಾಣದಿಂದ ಬಂದ ಎಣ್ಣೆಯನ್ನು ಕಿ.ಗ್ರಾಂ.ನಲ್ಲಿ ಬರೆದು ಮಾರಾಟವನ್ನು ಲೀಟರಿನಲ್ಲಿ ಬರೆದರೆ ದಾಸ್ತಾನು ಎಂದಿಗೂ ಹೊಂದುವುದಿಲ್ಲ. ವಹಿಯಲ್ಲಿ ಎಲ್ಲವನ್ನೂ ಕಿ.ಗ್ರಾಂ.ನಲ್ಲಿಯೇ ಬರೆದು ಲೀಟರ್ ಮಾರಾಟವನ್ನು 0.91ರಿಂದ ಗುಣಿಸಿ ಸೇರಿಸಬೇಕು.

ಸ್ವಂತ ಬೆಳೆಗೆ ಬೆಲೆ ಕಟ್ಟುವ ಕ್ರಮ

‘ಕಾಳು ನಮ್ಮ ಹೊಲದ್ದೇ, ಅದಕ್ಕೇಕೆ ಬೆಲೆ?’ ಎಂಬ ಪ್ರಶ್ನೆ ಸಹಜ. ಆ ಕಾಳನ್ನು ಗಾಣಕ್ಕೆ ಹಾಕದೆ ಮಾರುಕಟ್ಟೆಗೆ ಒಯ್ದಿದ್ದರೆ ಹಣ ಬರುತ್ತಿತ್ತು. ಗಾಣಕ್ಕೆ ಹಾಕಿದಾಗ ಆ ಹಣವನ್ನು ಕುಟುಂಬ ಬಿಟ್ಟುಕೊಟ್ಟಿದೆ. ಆದ್ದರಿಂದ ಬಿಟ್ಟುಕೊಟ್ಟ ಹಣವೇ ಘಟಕದ ಮಟ್ಟಿಗೆ ಕಾಳಿನ ಬೆಲೆ.

ಕಣಜದಿಂದ ಘಟಕಕ್ಕೆ ಕಾಳು ಬಂದ ದಿನದ ಕೃಷಿ ಉತ್ಪನ್ನ ಮಾರುಕಟ್ಟೆ ದರವನ್ನು ಆಧಾರವಾಗಿ ತೆಗೆದುಕೊಳ್ಳಬೇಕು. ರಾಜ್ಯದ ಮಾರುಕಟ್ಟೆಗಳ ದೈನಂದಿನ ದರಗಳು ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದೊರೆಯುತ್ತವೆ. ಆ ದರದಿಂದ ಸಾಗಣೆ, ಹಮಾಲಿ ಮುಂತಾಗಿ ರೈತರು ಭರಿಸಬೇಕಾಗಿದ್ದ ಖರ್ಚನ್ನು ಕಳೆದರೆ ಹೊಲದ ಬಾಗಿಲಿನ ದರ ಸಿಗುತ್ತದೆ. ಶೇಂಗಾ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಯಿಯ ರೂಪದಲ್ಲಿ ಮಾರಾಟವಾಗುವುದರಿಂದ ಅದನ್ನು ಕಾಳಿನ ದರಕ್ಕೆ ಪರಿವರ್ತಿಸಬೇಕಾಗುತ್ತದೆ. 100 ಕಿ.ಗ್ರಾಂ. ಕಾಯಿಯನ್ನು ಸುಲಿದಾಗ ಸುಮಾರು 70 ಕಿ.ಗ್ರಾಂ. ಕಾಳು ಬರುತ್ತದೆ. ಕಾಯಿಯ ಹೊಲದ ಬಾಗಿಲಿನ ದರ ಕ್ವಿಂಟಲ್‌ಗೆ 7,500 ರೂ., ಸುಲಿಯುವ ಖರ್ಚು 200 ರೂ. ಇದ್ದರೆ 7,700ನ್ನು 70ರಿಂದ ಭಾಗಿಸಿದಾಗ ಕಾಳಿನ ದರ ಕಿ.ಗ್ರಾಂ.ಗೆ 110 ರೂ. ಆಗುತ್ತದೆ. ತಳಿ ಮತ್ತು ಹಂಗಾಮಿಗೆ ತಕ್ಕಂತೆ ಕಾಳಿನ ಪ್ರಮಾಣ ಬದಲಾಗುವುದರಿಂದ ಪ್ರತಿ ವರ್ಷ ಒಮ್ಮೆಯಾದರೂ ತೂಗಿ ನೋಡಬೇಕು.

ಮನೆಯವರ ದುಡಿಮೆಗೂ ಇದೇ ನ್ಯಾಯ. ಗಾಣದಲ್ಲಿ ನಿಲ್ಲುವವರು ಅದೇ ದಿನ ಹೊರಗೆ ದುಡಿದಿದ್ದರೆ ಸಿಗುತ್ತಿದ್ದ ಕೂಲಿಯನ್ನು ಘಟಕದ ಖರ್ಚಾಗಿ ಹಿಡಿಯಬೇಕು. ಬಾಟಲಿ ತುಂಬುವುದು, ಲೇಬಲ್ ಅಂಟಿಸುವುದು, ಕಾಳು ಆರಿಸುವುದು ಮುಂತಾದ ಕೆಲಸಗಳನ್ನು ಮನೆಯ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಮಾಡುತ್ತಾರೆ ಎಂಬ ಕಾರಣಕ್ಕೆ ಅದನ್ನು ಲೆಕ್ಕದಿಂದ ಬಿಡುವುದು ಸರಿಯಲ್ಲ. ಗಂಟೆಗಳನ್ನು ಬರೆದಿಟ್ಟು ಎಂಟು ಗಂಟೆಗೆ ಒಂದು ದಿನದ ಕೂಲಿಯೆಂದು ಗಣಿಸಬಹುದು.

ತಿಂಗಳ ಕೊನೆಯ ಲಾಭ-ನಷ್ಟ ಲೆಕ್ಕ

ಒಂದು ತಿಂಗಳಲ್ಲಿ 1,000 ಕಿ.ಗ್ರಾಂ. ಕಾಳು ಗಾಣಕ್ಕೆ ಹಾಕಲಾಯಿತು ಎಂದು ಭಾವಿಸೋಣ. ಅದರಲ್ಲಿ 600 ಕಿ.ಗ್ರಾಂ. ಸ್ವಂತದ್ದು, 400 ಕಿ.ಗ್ರಾಂ. ಕೊಂಡದ್ದು. ಶೇಂಗಾ ಕಾಳಿನಲ್ಲಿ ಶೇ. 45ರಿಂದ 50ರಷ್ಟು ಎಣ್ಣೆ ಇದ್ದರೂ ಗಾಣದಲ್ಲಿ ಅದೆಲ್ಲವೂ ಹೊರಬರುವುದಿಲ್ಲ. ಒಂದು ಭಾಗ ಹಿಂಡಿಯಲ್ಲಿ ಉಳಿಯುತ್ತದೆ. ಇಲ್ಲಿ 400 ಕಿ.ಗ್ರಾಂ. ಎಣ್ಣೆ, 570 ಕಿ.ಗ್ರಾಂ. ಹಿಂಡಿ ಬಂದು 30 ಕಿ.ಗ್ರಾಂ. ತೇವಾಂಶ, ಗಸಿ ಮತ್ತು ದೂಳಿನಲ್ಲಿ ಹೋಯಿತೆಂದು ಇಟ್ಟುಕೊಳ್ಳೋಣ. ತಿಂಗಳಲ್ಲಿ ತೆಗೆದ ಎಣ್ಣೆಯೆಲ್ಲ ಮಾರಾಟವಾಗಿದೆ. ಉದ್ರಿ ಕೊಟ್ಟದ್ದು ಮತ್ತು ಮನೆಗೆ ಒಯ್ದದ್ದು ಕೂಡ ಮಾರಾಟದಲ್ಲಿಯೇ ಸೇರಿದೆ.

ಮಾರಾಟ
• ಎಣ್ಣೆ 400 ಕಿ.ಗ್ರಾಂ. × 320 ರೂ.: 1,28,000 ರೂ.
• ಹಿಂಡಿ 570 ಕಿ.ಗ್ರಾಂ. × 40 ರೂ.: 22,800 ರೂ.
ಒಟ್ಟು: 1,50,800 ರೂ.

ಕೈಯಿಂದ ಕೊಟ್ಟ ಖರ್ಚು
• ಕೊಂಡ ಕಾಳು 400 ಕಿ.ಗ್ರಾಂ. × 110 ರೂ.: 44,000 ರೂ.
• ವಿದ್ಯುತ್: 4,000 ರೂ.
• ಬಳಕೆಯಾದ ಬಾಟಲಿ, ಲೇಬಲ್: 9,000 ರೂ.
• ಆಳಿನ ಕೂಲಿ: 12,000 ರೂ.
• ಸಾಗಣೆ: 3,000 ರೂ.
• ಸಾಲದ ಬಡ್ಡಿ (4,00,000 ರೂ.ಗೆ ವಾರ್ಷಿಕ ಶೇ. 12): 4,000 ರೂ.
ಒಟ್ಟು: 76,000 ರೂ.
ಮೇಲ್ನೋಟದ ಉಳಿಕೆ: 74,800 ರೂ.

ಲೆಕ್ಕ ಬರೆಯದ ಕುಟುಂಬವು ಇಲ್ಲಿಗೇ ನಿಂತು, ಘಟಕವು ತಿಂಗಳಿಗೆ ಮುಕ್ಕಾಲು ಲಕ್ಷ ಗಳಿಸುತ್ತಿದೆ ಎಂದು ಸಂತೋಷಪಡುತ್ತದೆ. ಕೈಯಿಂದ ಹಣ ಕೊಡದ ಮೂರು ಖರ್ಚುಗಳು ಇನ್ನೂ ಬಾಕಿ ಇವೆ:

• ಸ್ವಂತ ಕಾಳು 600 ಕಿ.ಗ್ರಾಂ. × 110 ರೂ.: 66,000 ರೂ.
• ಮನೆಯವರ ದುಡಿಮೆ 26 ದಿನ × 400 ರೂ.: 10,400 ರೂ.
• ಯಂತ್ರದ ಸವಕಳಿ (3,60,000 ರೂ., ಬಾಳಿಕೆ 10 ವರ್ಷ): 3,000 ರೂ.
ಒಟ್ಟು: 79,400 ರೂ.
ನಿಜವಾದ ಫಲಿತಾಂಶ: 4,600 ರೂ. ನಷ್ಟ

ಕುಟುಂಬದ ಕೈಗೆ ಬಂದ 74,800 ರೂ. ಸುಳ್ಳಲ್ಲ. ಆದರೆ ಅದರಲ್ಲಿ 66,000 ರೂ. ಹೊಲದ ಗಳಿಕೆ, 10,400 ರೂ. ದುಡಿಮೆಯ ಗಳಿಕೆ. ಗಾಣವು ಅವೆರಡಕ್ಕೆ ಏನನ್ನೂ ಸೇರಿಸಿಲ್ಲ. ಬದಲಿಗೆ ಸ್ವಲ್ಪವನ್ನು ಕಳೆದಿದೆ. ಕಾಳನ್ನು ಹಾಗೆಯೇ ಮಾರಿ, ಅಷ್ಟು ದಿನ ಬೇರೆ ಕೆಲಸಕ್ಕೆ ಹೋಗಿದ್ದರೂ ಕುಟುಂಬದ ಸ್ಥಿತಿ ಇದಕ್ಕಿಂತ ಕೆಳಗಿರುತ್ತಿರಲಿಲ್ಲ. ಸಾಲದ ಹೊರೆಯೂ ಇರುತ್ತಿರಲಿಲ್ಲ.

ತಿಂಗಳ ಕೊನೆಗೆ ಎಣ್ಣೆ ಅಥವಾ ಹಿಂಡಿ ಉಳಿದಿದ್ದರೆ, ಉಳಿದ ಸರಕಿಗೆ ತಗಲಿದ ವೆಚ್ಚವನ್ನು ಆ ತಿಂಗಳ ಖರ್ಚಿನಿಂದ ಕಳೆದು ಮುಂದಿನ ತಿಂಗಳಿಗೆ ಒಯ್ಯಬೇಕು. ಇಲ್ಲವಾದರೆ ದಾಸ್ತಾನು ಹೆಚ್ಚಿದ ತಿಂಗಳು ನಷ್ಟವೂ, ಅದು ಕರಗಿದ ತಿಂಗಳು ಲಾಭವೂ ಕಂಡು ದಾರಿ ತಪ್ಪಿಸುತ್ತದೆ.

ಲೆಕ್ಕದಿಂದ ತೀರ್ಮಾನಕ್ಕೆ

ನಷ್ಟವೆಂದು ತಿಳಿದಾಕ್ಷಣ ಘಟಕವನ್ನು ಮುಚ್ಚಬೇಕೆಂದಿಲ್ಲ. ಎಲ್ಲಿ ಸರಿಪಡಿಸಬಹುದೆಂಬುದನ್ನೂ ಅದೇ ಲೆಕ್ಕ ತೋರಿಸುತ್ತದೆ.

ಮೊದಲನೆಯದು ಉತ್ಪಾದನಾ ವೆಚ್ಚ. ಒಟ್ಟು ಖರ್ಚು 1,55,400 ರೂ.ನಿಂದ ಹಿಂಡಿಯ 22,800 ರೂ. ಕಳೆದರೆ 1,32,600 ರೂ. ಉಳಿಯುತ್ತದೆ. ಅದನ್ನು 400ರಿಂದ ಭಾಗಿಸಿದರೆ ಒಂದು ಕಿ.ಗ್ರಾಂ. ಎಣ್ಣೆಯ ವೆಚ್ಚ 331.50 ರೂ.; ಲೀಟರ್ ಲೆಕ್ಕದಲ್ಲಿ ಸುಮಾರು 302 ರೂ. ಪಕ್ಕದ ಗಾಣದವರ ದರವನ್ನು ನೋಡಿ 320 ರೂ. ನಿಗದಿಪಡಿಸಿದ್ದ ಘಟಕವು ಪ್ರತಿ ಕಿ.ಗ್ರಾಂ.ಗೆ 11.50 ರೂ. ಕಳೆದುಕೊಳ್ಳುತ್ತಿತ್ತು. ಹಿಂಡಿಯ ಬೆಲೆ ಇಲ್ಲಿ ಎಷ್ಟು ಮುಖ್ಯವೆಂಬುದನ್ನೂ ಗಮನಿಸಬೇಕು. ಹಿಂಡಿಯನ್ನು ಮನೆಯ ದನಗಳಿಗೆ ಲೆಕ್ಕವಿಲ್ಲದೆ ಹಾಕಿದರೆ ವೆಚ್ಚ ಇನ್ನೂ ಏರುತ್ತದೆ. ದನಗಳಿಗೆ ಹಾಕಬಾರದೆಂದಲ್ಲ, ಹಾಲಿನ ಲೆಕ್ಕಕ್ಕೆ ಖರ್ಚೆಂದೂ, ಗಾಣದ ಲೆಕ್ಕಕ್ಕೆ ಮಾರಾಟವೆಂದೂ ಬರೆಯಬೇಕು.

ಎರಡನೆಯದು ಸ್ಥಿರ ಖರ್ಚು. ಆಳಿನ ಕೂಲಿ, ಮನೆಯವರ ದುಡಿಮೆ, ಬಡ್ಡಿ, ಸವಕಳಿ ಸೇರಿ 29,400 ರೂ. ಗಾಣ ಹೆಚ್ಚು ತಿರುಗಿದರೂ ಕಡಿಮೆ ತಿರುಗಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಣಕ್ಕೆ ಬಿಡುವಿದ್ದರೆ ಇತರ ರೈತರು ತರುವ ಕಾಳಿನಿಂದ ಎಣ್ಣೆ ತೆಗೆದುಕೊಟ್ಟು ಗಾಣದ ಕೂಲಿ ಪಡೆಯಬಹುದು. ತಿಂಗಳಿಗೆ 500 ಕಿ.ಗ್ರಾಂ. ಕಾಳಿಗೆ ಕಿ.ಗ್ರಾಂ.ಗೆ 12 ರೂ.ನಂತೆ 6,000 ರೂ. ಬಂದು, ಹೆಚ್ಚುವರಿ ವಿದ್ಯುತ್ತಿಗೆ 2,000 ರೂ. ಹೋದರೆ 4,000 ರೂ. ಉಳಿಯುತ್ತದೆ. ನಷ್ಟ 600 ರೂ.ಗೆ ಇಳಿಯುತ್ತದೆ. ಇದರೊಂದಿಗೆ ಎಣ್ಣೆಯ ದರವನ್ನು ಕೇವಲ 2 ರೂ. ಏರಿಸಿದರೆ ಘಟಕವು ಲಾಭದ ಅಂಚಿಗೆ ಬರುತ್ತದೆ. ಲೆಕ್ಕವಿಲ್ಲದವರು ಒಮ್ಮೆಲೇ 12 ರೂ. ಏರಿಸಿ ಗಿರಾಕಿಗಳನ್ನು ಕಳೆದುಕೊಳ್ಳುವ ಸಂಭವವಿರುತ್ತದೆ.

ಮೂರನೆಯದು ಎಣ್ಣೆಯ ಇಳುವರಿ. ದಾಸ್ತಾನು ವಹಿಯಲ್ಲಿ ಪ್ರತಿ ಬ್ಯಾಚಿನ ಇಳುವರಿ ಇರುವುದರಿಂದ ಯಾವ ರೈತರ ಕಾಳು, ಯಾವ ತಿಂಗಳ ಕಾಳು ಎಷ್ಟು ಎಣ್ಣೆ ಕೊಟ್ಟಿತೆಂದು ಹೋಲಿಸಬಹುದು. ಇಳುವರಿ ದಿಢೀರನೆ ಕುಸಿದರೆ ಕಾಳಿನ ತೇವಾಂಶ, ಜೊಳ್ಳು ಅಥವಾ ಗಾಣದ ಸವೆತ ಕಾರಣವಾಗಿರಬಹುದು.

ಲಾಭವೇ ಬೇರೆ, ಕೈಯಲ್ಲಿನ ಹಣವೇ ಬೇರೆ

ಲಾಭದಲ್ಲಿರುವ ಘಟಕವೂ ಹಣವಿಲ್ಲದೆ ನಿಲ್ಲಬಹುದು. ಸಾಲದ ಅಸಲಿನ ಕಂತು ಖರ್ಚಲ್ಲ. ಅದು ಲಾಭ-ನಷ್ಟ ಲೆಕ್ಕದಲ್ಲಿ ಬರುವುದಿಲ್ಲ, ಆದರೆ ಕಿರ್ದಿಯಲ್ಲಿ ಬರುತ್ತದೆ. ಸವಕಳಿ ಲಾಭ-ನಷ್ಟದಲ್ಲಿ ಬರುತ್ತದೆ, ಕಿರ್ದಿಯಲ್ಲಿ ಬರುವುದಿಲ್ಲ. ಮೇಲಿನ ತಿಂಗಳಲ್ಲಿ ಅಸಲಿಗೆ 6,000 ರೂ. ಕಟ್ಟಿ, ಮಾರಾಟದ 18,000 ರೂ. ಉದ್ರಿಯಾಗಿ ಉಳಿದಿದ್ದರೆ 74,800 ರೂ. ಬದಲು 50,800 ರೂ. ಮಾತ್ರ ಕೈಯಲ್ಲಿರುತ್ತದೆ.

ಇದಕ್ಕೆ ಹಂಗಾಮಿನ ಪ್ರಶ್ನೆಯೂ ಸೇರುತ್ತದೆ. ಮುಂಗಾರು ಶೇಂಗಾ ಒಕ್ಕಣೆಯಾಗಿ ಮಾರುಕಟ್ಟೆಗೆ ಬರುವ ತಿಂಗಳುಗಳಲ್ಲಿ ಮುಂದಿನ ಅವಧಿಗೆ ಬೇಕಾದ ಕಾಳನ್ನು ಒಟ್ಟಿಗೆ ಕೊಳ್ಳಬೇಕಾಗುತ್ತದೆ. ಆ ಹಣ ಎಣ್ಣೆಯಾಗಿ ಮರಳಿ ಬರಲು ತಿಂಗಳುಗಳೇ ಬೇಕು. ಆದ್ದರಿಂದ ಮುಂದಿನ ಹನ್ನೆರಡು ತಿಂಗಳ ನಗದು ಅಂದಾಜನ್ನು ಒಂದು ಹಾಳೆಯಲ್ಲಿ ಹಾಕಿ, ಯಾವ ತಿಂಗಳು ಹಣ ಕೊರತೆಯಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ದುಡಿಮೆ ಬಂಡವಾಳದ ಸಾಲ ಕೇಳಲು ಬ್ಯಾಂಕಿಗೆ ಹೋಗಬೇಕಾದದ್ದು ಆ ಹಾಳೆಯೊಂದಿಗೆ. ಉದ್ರಿ ವಹಿಯನ್ನು ವಾರಕ್ಕೊಮ್ಮೆ ತಿರುವಿ ಒಂದು ತಿಂಗಳು ಮೀರಿದ ಬಾಕಿಗಳನ್ನು ಗುರುತು ಹಾಕಿ ವಸೂಲಿ ಮಾಡುವುದು, ಹಳೆಯ ಬಾಕಿ ತೀರದೆ ಹೊಸ ಉದ್ರಿ ಕೊಡದಿರುವುದು ರೂಢಿಯಾಗಬೇಕು.

ಕಾನೂನು, ತೆರಿಗೆ ಮತ್ತು ಸಹಾಯಧನ

ಹೊಲದ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಶೇಂಗಾವನ್ನು ಒಣಗಿಸಿ, ಹಸನು ಮಾಡಿ ಮಾರುವುದು ಕೃಷಿಯೇ. ಆದರೆ ಅದರಿಂದ ಎಣ್ಣೆ ತೆಗೆದು ಮಾರುವುದು ವ್ಯಾಪಾರ. ಎರಡೂ ಬೆರೆತಿರುವಲ್ಲಿ, ಘಟಕದಲ್ಲಿ ಬಳಸಿದ ಸ್ವಂತ ಬೆಳೆಯ ಮಾರುಕಟ್ಟೆ ಬೆಲೆಯನ್ನು ಕಳೆದು ಉಳಿದದ್ದನ್ನೇ ವ್ಯಾಪಾರದ ಆದಾಯವೆಂದು ಪರಿಗಣಿಸುವುದು ಆದಾಯ ತೆರಿಗೆ ನಿಯಮಗಳ ತತ್ವ. ಮೇಲೆ ಹೇಳಿದ ಕ್ರಮದಂತೆ ಸ್ವಂತ ಕಾಳಿನ ತೂಕ, ದಿನಾಂಕ, ಮಾರುಕಟ್ಟೆ ದರ ಬರೆದಿಟ್ಟವರಿಗೆ ಈ ಕಡಿತವನ್ನು ತೋರಿಸುವುದು ಸುಲಭ. ಬರೆದಿಡದವರ ಹೊಲದ ಆದಾಯವೂ ವ್ಯಾಪಾರದ ಆದಾಯದಂತೆ ಕಾಣಿಸುತ್ತದೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ, ರಾಜ್ಯದೊಳಗೆ ಸರಕನ್ನು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಗಾಣದ ಕೂಲಿ ಸೇವೆಯೆನಿಸುವುದರಿಂದ ಅದನ್ನೂ ಪಡೆಯುವ ಘಟಕಕ್ಕೆ 20 ಲಕ್ಷ ರೂ. ಮಿತಿ ಅನ್ವಯಿಸುತ್ತದೆ. ಹೊರರಾಜ್ಯಕ್ಕೆ ಎಣ್ಣೆ ಮಾರುವವರಿಗೆ ಸರಕಿನ ಈ ವಿನಾಯಿತಿ ದೊರೆಯುವುದಿಲ್ಲ. ಮಿತಿಗಳು ಬದಲಾಗುವುದುಂಟು, ಪ್ರತಿ ಆರ್ಥಿಕ ವರ್ಷದ ಆರಂಭದಲ್ಲಿ ತೆರಿಗೆ ಸಲಹೆಗಾರರಿಂದ ಖಚಿತಪಡಿಸಿಕೊಳ್ಳಬೇಕು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದ್ದು ಅನೇಕರಿಗೆ ನೆನಪಿರಬಹುದು. ಖಾತೆಗೆ ಬಂದ ಹಣದಲ್ಲಿ ಯಾವುದು ಮಾರಾಟ, ಯಾವುದು ಕೈಗಡ, ಯಾವುದು ಬೆಳೆಯ ಹಣ ಎಂದು ತೋರಿಸಬಲ್ಲದ್ದು ಕಿರ್ದಿ ಮಾತ್ರ. ಘಟಕಕ್ಕೆ ಪ್ರತ್ಯೇಕ ಖಾತೆ ಇರಬೇಕೆಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಕೈಗಡ ಪಡೆಯುವಾಗಲೂ ಎಚ್ಚರ ಬೇಕು. ವ್ಯಾಪಾರದ ಆದಾಯವುಳ್ಳವರು 20,000 ರೂ. ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿರ್ಬಂಧಿಸುತ್ತದೆ. ಬ್ಯಾಂಕ್ ಮೂಲಕವೇ ಪಡೆಯಬೇಕು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದಾಗಿ ಕೊಟ್ಟ ವ್ಯಾಪಾರದ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಮಾನ್ಯ ಮಾಡುವುದಿಲ್ಲ. ಬೆಳೆದ ರೈತರಿಂದಲೇ ಬೆಳೆ ಕೊಂಡಾಗ ಇದಕ್ಕೆ ವಿನಾಯಿತಿಯಿದೆ. ಅದನ್ನು ಪಡೆಯಲು ರೈತರ ಸಹಿಯುಳ್ಳ ವೋಚರ್ ಅಗತ್ಯವಾಗುತ್ತದೆ.

ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಾಕೇ, ಪರವಾನಗಿ ಬೇಕೇ ಎಂಬುದು ವಾರ್ಷಿಕ ವಹಿವಾಟನ್ನು ಅವಲಂಬಿಸಿರುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯಡಿ ಅರ್ಹ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಸಾಲ ಸಂಪರ್ಕಿತ ಸಹಾಯಧನವನ್ನು ಕೇಂದ್ರ ನಿಗದಿಪಡಿಸಿದೆ. ರಾಜ್ಯದಲ್ಲಿ ಕೆಪೆಕ್ ಇದರ ನೋಡಲ್ ಸಂಸ್ಥೆ. ಈ ಸಹಾಯಧನ ಕೈಗೆ ಬರುವ ಹಣವಲ್ಲ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಪ್ರತ್ಯೇಕವಾಗಿದ್ದು, ಸಾಲದ ಖಾತೆ ಸುಸ್ಥಿತಿಯಲ್ಲಿದ್ದು ಘಟಕವೂ ನಡೆಯುತ್ತಿದ್ದರೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಆದ್ದರಿಂದ ಅದನ್ನು ಮಾರಾಟದ ಆದಾಯದೊಂದಿಗೆ ಸೇರಿಸದೆ ಆಸ್ತಿ ಮತ್ತು ಸಾಲದ ವಹಿಯಲ್ಲಿ ಬೇರೆಯಾಗಿ ಬರೆಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

• ತರಬೇತಿಯಲ್ಲಿ ಯಂತ್ರ ಚಾಲನೆಗೆ ಕೊಡುವಷ್ಟೇ ಸಮಯವನ್ನು ಲೆಕ್ಕ ಬರೆಯುವುದಕ್ಕೂ ಕೊಡಬೇಕು. ಶಿಬಿರಾರ್ಥಿಗಳು ತಮ್ಮದೇ ಅಂಕಿಗಳಿಂದ ಒಂದು ವಾರದ ಕಿರ್ದಿಯನ್ನು ಬರೆದು ಶಿಲ್ಕು ತೆಗೆಯುವಂತೆ ಮಾಡಬೇಕು.

• ಸ್ವಸಹಾಯ ಸಂಘದ ಸದಸ್ಯೆಯರಿಗೆ ಪುಸ್ತಕ ನಿರ್ವಹಣೆ ಹೊಸದಲ್ಲ; ಅದು ಸಂಘದ ಪಂಚಸೂತ್ರಗಳಲ್ಲಿ ಒಂದು. ಸಂಘದ ಪುಸ್ತಕ ಬರೆಯುವವರನ್ನೇ ಕುಟುಂಬದ ಘಟಕದ ಲೆಕ್ಕಕ್ಕೂ ಪ್ರೋತ್ಸಾಹಿಸಬಹುದು.

• ಕ್ಷೇತ್ರ ಭೇಟಿಯಲ್ಲಿ ಮೂರನ್ನು ಪರಿಶೀಲಿಸಿದರೆ ಸಾಕು: ನಿನ್ನೆಯ ಶಿಲ್ಕು ಪೆಟ್ಟಿಗೆಯ ಹಣಕ್ಕೆ ಹೊಂದುತ್ತದೆಯೇ, ಎಣ್ಣೆಯ ದಾಸ್ತಾನು ತೂಕಕ್ಕೆ ಹೊಂದುತ್ತದೆಯೇ, ಕಳೆದ ತಿಂಗಳ ಲೆಕ್ಕದಲ್ಲಿ ಸ್ವಂತ ಕಾಳಿಗೆ ಬೆಲೆ ಹಾಕಲಾಗಿದೆಯೇ.

• ನಷ್ಟ ಕಂಡುಬಂದರೆ ಕುಟುಂಬವನ್ನು ದೂಷಿಸದೆ, ದರ, ಇಳುವರಿ, ಗಾಣದ ಬಿಡುವು, ಉದ್ರಿ ಎಂಬ ಕ್ರಮದಲ್ಲಿ ಕಾರಣ ಹುಡುಕಲು ನೆರವಾಗಬೇಕು. ಮೂರು ತಿಂಗಳ ಲೆಕ್ಕವನ್ನು ಒಟ್ಟಿಗೆ ನೋಡದೆ ಅಂತಿಮ ಸಲಹೆ ಕೊಡಬಾರದು.

ಸಮಯದ ಪಟ್ಟಿ

• ಪ್ರತಿದಿನ ಸಂಜೆ: ಕಿರ್ದಿ, ದಾಸ್ತಾನು, ನಗದು ಎಣಿಕೆ.
• ವಾರಕ್ಕೊಮ್ಮೆ: ಉದ್ರಿ ಪರಿಶೀಲನೆ, ಬಿಲ್ಲುಗಳ ಜೋಡಣೆ.
• ತಿಂಗಳಿಗೊಮ್ಮೆ: ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆ, ಲಾಭ-ನಷ್ಟ, ಕಿ.ಗ್ರಾಂ. ಎಣ್ಣೆಯ ವೆಚ್ಚ.
• ಮಾರ್ಚ್ 31ರಂದು: ಎಲ್ಲ ದಾಸ್ತಾನಿನ ತೂಕ, ಆಸ್ತಿ ಮತ್ತು ಹೊಣೆ ಪಟ್ಟಿ. ಆರಂಭದ ದಿನದ ಹಾಳೆಯೊಂದಿಗೆ ಇದನ್ನು ಹೋಲಿಸಿದಾಗ ಕುಟುಂಬದ ಪಾಲು ಬೆಳೆಯಿತೇ, ಕರಗಿತೇ ಎಂಬುದು ತಿಳಿಯುತ್ತದೆ.

ಪುಸ್ತಕಗಳನ್ನು ವರ್ಷ ಮುಗಿದ ಮೇಲೂ ಜೋಪಾನವಾಗಿಡಬೇಕು. ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತರಾದವರು ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಇಡುವುದು ಕಡ್ಡಾಯ. ಈಗಾಗಲೇ ಘಟಕ ನಡೆಸುತ್ತಿದ್ದು ಇದುವರೆಗೆ ಲೆಕ್ಕ ಬರೆಯದವರು ಮುಂದಿನ ತಿಂಗಳ 1ನೇ ತಾರೀಖಿನಂದು ದಾಸ್ತಾನು ತೂಗಿ, ಹಣ ಎಣಿಸಿ, ಸಾಲದ ಬಾಕಿ ಬರೆದು ಅಲ್ಲಿಂದಲೇ ಆರಂಭಿಸಬಹುದು. ಹೆಚ್ಚಿನ ಮಾರ್ಗದರ್ಶನಕ್ಕೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು.